ನಾಡಿನ ಪಡುವಣ ಅಗಸೆ

ಕೋಟೆ ಎಷ್ಟೇ ಎತ್ತರವಾಗಿರಲಿ, ಅಗಸೆಯ ಕಾವಲು ಪರರ ಕೈಯಲ್ಲಿದ್ದರೆ ಆ ಊರಿಗೆ ಕ್ಷೇಮವಿಲ್ಲ. ಇದು ನಮ್ಮ ಹಳ್ಳಿಯ ಹಿರಿಯರೆಲ್ಲರೂ ಬಲ್ಲ ಮಾತು. ಊರಿಗೆ ಸಲ್ಲುವ ಈ ನ್ಯಾಯವು ನಾಡಿಗೂ ಸಲ್ಲುತ್ತದೆ. ಕರ್ನಾಟಕದ ಪಡುವಣ ದಿಕ್ಕಿಗೆ ಕಾರವಾರದಿಂದ ಉಳ್ಳಾಲದವರೆಗೆ 300 ಕಿಲೋಮೀಟರಿಗೂ ಮಿಕ್ಕಿದ ಕಡಲ ತೀರವುಂಟು. ಅದೇ ನಮ್ಮ ನಾಡಿನ ದೊಡ್ಡ ಅಗಸೆ. ಆದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಕಡೆಯ ನಾವು ಬಯಲುಸೀಮೆಯವರು. ಕಡಲನ್ನು ಮುಂಗಾರಿನ ಮೋಡದಿಂದ ಮಾತ್ರವೇ ಬಲ್ಲವರು. ಕಿತ್ತೂರ ಚೆನ್ನಮ್ಮನ ಹೆಸರೆತ್ತಿದರೆ ನಮ್ಮ ಶಾಲೆಯ ಮಗುವಿನ ಕಣ್ಣು ಹೊಳೆಯುತ್ತದೆ. ನರಗುಂದದ ಬಂಡಾಯವನ್ನೂ ಹಲಗಲಿಯ ಬೇಡರ ಕಾಳಗವನ್ನೂ ಅದು ಬಾಯಿಪಾಠವಾಗಿ ಒಪ್ಪಿಸುತ್ತದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಮೈಲಾರ ಮಹಾದೇವಪ್ಪನವರಂತೂ ನಮ್ಮ ಮೋಟೆಬೆನ್ನೂರಿನವರೇ. ಆದರೆ 1780ರ ಡಿಸೆಂಬರ್ 8ರಂದು ಮಂಗಳೂರಿನ ಬಂದರದ ಮುಂದೆ ಏನು ನಡೆಯಿತೆಂದು ಕೇಳಿದರೆ ಮಗುವೂ ಸುಮ್ಮನಿರುತ್ತದೆ, ಮಾಸ್ತರರೂ ಸುಮ್ಮನಿರುತ್ತಾರೆ. ಆ ದಿನದ ವೃತ್ತಾಂತವನ್ನೂ ಅದರ ಹಿಂದುಮುಂದಿನ ಕಾರಣಗಳನ್ನೂ ಈ ವಾರ ವಾಚಕರ ಮುಂದಿಡಬಯಸುತ್ತೇವೆ.

ಕಡಲನ್ನು ಕಳೆದುಕೊಂಡ ಜನಾಂಗದ ಗತಿಯೇನೆಂಬುದಕ್ಕೆ ಮೊದಲು ಒಂದು ದೂರದೇಶದ ದೃಷ್ಟಾಂತವನ್ನು ನೋಡೋಣ. ಫಿಲಿಪೈನ್ಸ್ ದ್ವೀಪಗಳು ಮೂರು ಶತಮಾನಗಳಿಗೂ ಮೇಲ್ಪಟ್ಟು ಸ್ಪೇನಿನ ಆಳ್ವಿಕೆಯಲ್ಲಿ ನರಳಿದವು. 1898ರ ಮೇ 1ರಂದು ಅಮೇರಿಕದ ನೌಕಾಧಿಪತಿ ಡ್ಯೂಯಿ ಎಂಬವನು ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ಹಡಗುಗಳನ್ನು ನಾಶಮಾಡಿದನು. ಜೂನ್ 12ರಂದು ಅದೇ ಕೊಲ್ಲಿಯ ದಂಡೆಯ ಕವಿತ್ ಎಂಬ ಊರಿನಲ್ಲಿ ದೇಶಭಕ್ತನಾದ ಅಗಿನಾಲ್ಡೋನು ತನ್ನ ನಾಡಿನ ಸ್ವಾತಂತ್ರ್ಯವನ್ನು ಸಾರಿದನು. ಆದರೆ ಆ ವರ್ಷದ ಕೊನೆಗೆ ಸ್ಪೇನು ಆ ದ್ವೀಪಗಳನ್ನು ಎರಡು ಕೋಟಿ ಡಾಲರುಗಳಿಗೆ ಅಮೇರಿಕಕ್ಕೆ ಒಪ್ಪಿಸಿಬಿಟ್ಟಿತು. ಸಂತೆಯಲ್ಲಿ ದನವನ್ನು ಕೈಬದಲಿಸುವವರಾದರೂ ಅದರ ಹಲ್ಲು ನೋಡುತ್ತಾರೆ, ಇಲ್ಲಿ ಆ ಜನರನ್ನು ಯಾರೂ ಕೇಳಲೂ ಇಲ್ಲ. 1899ರ ಫೆಬ್ರವರಿಯಲ್ಲಿ ಯುದ್ಧವು ಹತ್ತಿಕೊಂಡಿತು. ಅದೇ ಜೂನ್ 13ರಂದು ಜಪೋಟೆ ಎಂಬ ಹೊಳೆಯ ದಂಡೆಯಲ್ಲಿ ಫಿಲಿಪಿನೋ ಜನರು ಕಂದಕಗಳನ್ನು ತೋಡಿ ಧೈರ್ಯದಿಂದ ನಿಂತರು. ಎದುರಿಗೆ ಅಮೇರಿಕದ ದಂಡು. ಮಗ್ಗುಲಿಗೆ ಕೊಲ್ಲಿಯಲ್ಲಿ ಅಮೇರಿಕದ ಯುದ್ಧನೌಕೆಗಳು. ನೆಲದ ಮೇಲಿನ ಗುಂಡಿಗೆ ಗುಂಡಿನಿಂದ ಉತ್ತರ ಕೊಡಬಹುದಾಗಿತ್ತು. ನೀರಿನ ಮೇಲಿಂದ ಬೀಳುವ ಗುಂಡಿಗೆ ಉತ್ತರ ಕೊಡಲು ಅವರಲ್ಲಿ ನೌಕಾಬಲವಿರಲಿಲ್ಲ. ಅವರು ಹಿಂದೆಗೆಯಬೇಕಾಯಿತು. ಮುಂದೆ ಆ ನಾಡು ಸ್ವತಂತ್ರವಾದುದು 1946ರ ಜುಲೈ 4ರಂದು. ಇಂಥದೇ ಪಾಠವನ್ನು ಕನ್ನಡನಾಡು ಅದಕ್ಕೂ ನೂರು ವರ್ಷಗಳ ಹಿಂದೆಯೇ ತನ್ನ ರಕ್ತದಿಂದ ಬರೆದಿಟ್ಟಿದ್ದಿತು. ಓದುವವರು ಮಾತ್ರ ಕಡಿಮೆಯಾದರು.

ಹೈದರಲಿಯು 1763ರಲ್ಲಿ ಬಿದನೂರನ್ನು ಗೆದ್ದನು. ಬಿದನೂರಿನೊಡನೆ ಕೆಳದಿಯ ಅರಸರ ಬಂದರಗಳೆಲ್ಲ ಅವನ ಕೈ ಸೇರಿದವು: ಮಂಗಳೂರು, ಹೊನ್ನಾವರ, ಕುಂದಾಪುರ ಮೊದಲಾದುವು. ಮಲೆನಾಡಿನ ಮೆಣಸು, ಕರಾವಳಿಯ ಅಕ್ಕಿ ಇವೆರಡೂ ಈ ಬಂದರಗಳಿಂದ ಹೊರಟು ಅರಬಸ್ತಾನದವರೆಗೆ ಹೋಗುತ್ತಿದ್ದವು. ನೆಲದ ಮೇಲೆ ಕುದುರೆಯೇರಿ ಬೆಳೆದ ಆ ವೀರನಿಗೆ ಕಡಲಿನ ಬೆಲೆ ತಿಳಿಯಲು ತಡವಾಗಲಿಲ್ಲ. ಅವನು ಹಡಗುಗಳನ್ನು ಕಟ್ಟಿಸತೊಡಗಿದನು. ಮೊದಲು ಅವುಗಳ ಅಧಿಪತ್ಯವನ್ನು ಕಣ್ಣೂರಿನ ಅಲಿ ರಾಜನಿಗೆ ಕೊಟ್ಟನು. ಆದರೆ ಮುಂದೆ ಲುತ್ಫ್ ಅಲಿ ಬೇಗ್ ಎಂಬ ರಾವುತರ ಸರದಾರನೊಬ್ಬನನ್ನು ಹಡಗುಪಡೆಯ ತಲೆಯ ಮೇಲೆ ಕೂಡಿಸಿದನು. ಅಳಿವೆಯ ಉಬ್ಬರವಿಳಿತವನ್ನರಿಯದ, ಗಾಳಿಯ ಮುಖವನ್ನು ಗುರುತಿಸಲಾರದ ಮನುಷ್ಯನು ಕಡಲಿನಲ್ಲಿಯೇ ಕೂದಲು ನೆರೆತವರಿಗೆ ಅಪ್ಪಣೆ ಕೊಡತೊಡಗಿದನು. ಹಡಗಿನ ನಾಯಕರು ಇದರಿಂದ ಮನನೊಂದರು.

ಅದರ ಫಲವು 1768ರಲ್ಲಿ ಕಂಡಿತು. ಇಂಗ್ಲೀಷರಿಗೂ ಹೈದರನಿಗೂ ಮೊದಲನೆಯ ಯುದ್ಧವು ಪೂರ್ವದಲ್ಲಿ ನಡೆದಿರಲು, ಮುಂಬಯಿಯ ಕಂಪನಿ ಸರಕಾರವು ಪಶ್ಚಿಮದಲ್ಲಿ ಒಂದು ಹಡಗುಪಡೆಯನ್ನು ಸಾಗಿಸಿತು. ಹೈದರನ ಹಡಗುಗಳು ಅದನ್ನು ತಡೆಯಬೇಕಾಗಿದ್ದಿತು. ತಡೆಯುವುದೊತ್ತಟ್ಟಿಗಿರಲಿ, ಮುನಿದ ನಾಯಕರು ಹಡಗುಗಳ ಸಮೇತವಾಗಿ ಶತ್ರುವಿನ ಪಕ್ಷವನ್ನು ಸೇರಿಬಿಟ್ಟರು! ಹೊನ್ನಾವರವು ಬಿದ್ದಿತು, ಮಂಗಳೂರೂ ಬಿದ್ದಿತು. ಹೈದರನೂ ಅವನ ಮಗ ಟೀಪುವೂ ದಂಡು ತೆಗೆದುಕೊಂಡು ಧಾವಿಸಿ ಬಂದಾಗ, ಅದೇ ಮೇ ತಿಂಗಳಲ್ಲಿ ಇಂಗ್ಲೀಷರು ತಮ್ಮ ತೋಫುಗಳನ್ನೂ, ರೋಗಿಗಳನ್ನೂ, ಗಾಯಗೊಂಡ ಸೈನಿಕರನ್ನೂ ಮಂಗಳೂರಿನಲ್ಲಿಯೇ ಬಿಟ್ಟು ದೋಣಿಗಳನ್ನೇರಿ ಓಡಿದರು. ಊರು ಮರಳಿ ಬಂದಿತು. ಆದರೆ ಹೋದ ಹಡಗುಗಳೂ ಹೋದ ನಂಬಿಕೆಯೂ ಅಷ್ಟು ಸುಲಭವಾಗಿ ಮರಳುವಂಥವಾಗಿರಲಿಲ್ಲ.

ಹೈದರನು ಎದೆಗೆಡಲಿಲ್ಲ. ಹನ್ನೆರಡು ವರ್ಷಗಳಲ್ಲಿ ಮತ್ತೆ ಮಂಗಳೂರಿನಲ್ಲಿ ಹಡಗುಗಳು ಎದ್ದು ನಿಂತವು. 1770ರ ದಶಕದ ಕೊನೆಗೆ ತುಂಗಭದ್ರೆಯ ಈಚೆಯ ನಮ್ಮ ಸೀಮೆಯೂ ಅವನ ಅಧಿಕಾರಕ್ಕೆ ಒಳಪಟ್ಟಿದ್ದಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಅಂದಮೇಲೆ ಮಂಗಳೂರಿನ ಬಂದರವು ಆಗ ನಮ್ಮ ಬಂದರವೂ ಆಗಿದ್ದಿತು. 1780ರಲ್ಲಿ ಎರಡನೆಯ ಯುದ್ಧವು ಪ್ರಾರಂಭವಾಯಿತು. ಸೆಪ್ಟಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ದಂಡು ಸಂಪೂರ್ಣವಾಗಿ ನುಚ್ಚುನೂರಾಯಿತು. ಹಿಂದೂಸ್ಥಾನದಲ್ಲಿ ಇಂಗ್ಲೀಷರು ಅದುವರೆಗೆ ಅಷ್ಟು ದೊಡ್ಡ ಪೆಟ್ಟನ್ನು ತಿಂದಿರಲಿಲ್ಲ. ಪೂರ್ವದ ಬಯಲಿನಲ್ಲಿ ತಿಂದ ಪೆಟ್ಟಿಗೆ ಅವರು ಪಶ್ಚಿಮದ ಕಡಲಿನಲ್ಲಿ ಪ್ರತಿಪೆಟ್ಟು ಕೊಟ್ಟರು.

ಡಿಸೆಂಬರ್ 8ರಂದು ನೌಕಾಧಿಪತಿ ಎಡ್ವರ್ಡ್ ಹ್ಯೂಸನು ತನ್ನ ದೊಡ್ಡ ಯುದ್ಧನೌಕೆಗಳೊಡನೆ ಮಂಗಳೂರಿನ ಮುಂದೆ ಕಾಣಿಸಿಕೊಂಡನು. ಬಂದರದ ಹೊರಗೆ ಹೈದರನ ನಿಶಾನೆ ಹಾರಿಸುತ್ತ ಎರಡು ಹಡಗುಗಳೂ, ಒಂದು ದೊಡ್ಡ ಗುರಾಬವೂ, ಮೂರು ಕಿರಿಯ ಯುದ್ಧನೌಕೆಗಳೂ, ಅನೇಕ ಸಣ್ಣ ದೋಣಿಗಳೂ ಲಂಗರು ಹಾಕಿದ್ದವು. ಕಂಪನಿಯ ಎರಡು ಚಿಕ್ಕ ಹಡಗುಗಳು ಹೈದರನ ಹಡಗುಗಳ ಸಮೀಪಕ್ಕೆ ಸರಿದು ತೋಫು ಹಾರಿಸತೊಡಗಿದವು. ಆ ಹೊಗೆಯ ಮರೆಯಲ್ಲಿ ಹ್ಯೂಸನ ಸೈನಿಕರು ದೋಣಿಗಳಲ್ಲಿ ಮುಂದೊತ್ತಿದರು. ಹೈದರನ ಖಲಾಸಿಗಳು ಕೈಕಟ್ಟಿ ನಿಲ್ಲಲಿಲ್ಲ. ಅವರ ಗುಂಡಿಗೆ ಇಂಗ್ಲೀಷರೂ ಉರುಳಿದರು. ಆದರೆ ಬಲಾಬಲದ ಅಂತರವು ಬಹಳ ದೊಡ್ಡದಾಗಿದ್ದಿತು. 28 ತೋಫುಗಳ ಒಂದು ಹಡಗೂ 26 ತೋಫುಗಳ ಇನ್ನೊಂದು ಹಡಗೂ ಶತ್ರುವಶವಾಗಿ ಬೆಂಕಿಗೆ ಆಹುತಿಯಾದವು. ಒಂದು ನೌಕೆಯು ಸೆರೆಯಾಯಿತು. ಮತ್ತೊಂದು ನೌಕೆಯವರು ಮೇಲಿದ್ದ ಭಾರವನ್ನೆಲ್ಲ ನೀರಿಗೆಸೆದು, ಹಡಗನ್ನು ಹಗುರಮಾಡಿ, ಬಂದರದೊಳಕ್ಕೆ ನುಸುಳಿ ಪಾರಾದರು. ಇನ್ನೊಂದು ನೌಕೆಯ ಮಾತೇ ಬೇರೆ. ಶತ್ರುವಿನ ದೋಣಿಗಳು ಅದರ ಮಗ್ಗುಲಿಗೆ ಹತ್ತಿ, ಇನ್ನೇನು ಸೈನಿಕರು ಮೇಲೇರಬೇಕು ಎನ್ನುವಷ್ಟರಲ್ಲಿ, ಅದರ ಮೇಲಿದ್ದವರು ತಾವಾಗಿಯೇ ಅದನ್ನು ಸಿಡಿಸಿಬಿಟ್ಟರು. ಹಡಗು ಹೋದರೆ ಹೋಗಲಿ, ಪರರ ಕೈಗೆ ಹೋಗಬಾರದೆಂದು ಅವರು ಬಗೆದರು.

ತುರು ಕಾಯಲು ಹೋಗಿ ಸತ್ತವನಿಗೂ ಕಲ್ಲು ನೆಡಿಸಿದ ನಾಡು ನಮ್ಮದು. ಹಾನಗಲ್ಲು, ಹಾವೇರಿಗಳ ಸುತ್ತಿನ ಹಳ್ಳಿಗಳಲ್ಲಿ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಆ ನೌಕೆಯ ಮೇಲಿದ್ದ ಕಡಲ ಮಕ್ಕಳಿಗೆ ನಮ್ಮ ಪಾಠದ ಪುಸ್ತಕದಲ್ಲಿ ಒಂದು ಸಾಲಿನ ವೀರಗಲ್ಲನ್ನಾದರೂ ನೆಡಬಾರದೆ?

ಎರಡು ಹಡಗು ಸುಟ್ಟರೆ ಒಂದು ರಾಜ್ಯವು ಮುಳುಗುವುದೇ ಎಂದು ಕೆಲವರು ಕೇಳಬಹುದು. ಆ ದಿನ ಮುಳುಗಲಿಲ್ಲ, ನಿಜ. ಹೈದರನು ಪೂರ್ವದಲ್ಲಿ ಗೆಲ್ಲುತ್ತಲೇ ಇದ್ದನು. ಆದರೆ ಅಂದಿನಿಂದ ಕಡಲಿನ ಮೇಲೆ ಅವನ ಕೈ ಬರಿದಾಯಿತು. ಶತ್ರುವಿಗೆ ಮುಂಬಯಿಯಿಂದಲೂ ಮದರಾಸಿನಿಂದಲೂ ಕಲಕತ್ತೆಯಿಂದಲೂ ಬೇಕಾದಾಗ ಬೇಕಾದಲ್ಲಿ ದಂಡು, ಮದ್ದು, ಅಕ್ಕಿ, ಹಣ ಹಡಗಿನಲ್ಲಿ ಬಂದಿಳಿಯುತ್ತಿದ್ದವು. ಹೈದರನು ಫ್ರೆಂಚರ ಹಡಗುಗಳಿಗಾಗಿ ಕಾದು ಕೂಡಬೇಕಾಯಿತು. 1782ರಲ್ಲಿ ಫ್ರೆಂಚರ ನೌಕಾಧಿಪತಿ ಸುಫ್ರೆನನು ಬಂದುದೂ ನಿಜ, ಹ್ಯೂಸನೊಡನೆ ಮೇಲಿಂದ ಮೇಲೆ ಕಾದಿದುದೂ ನಿಜ. ಆದರೆ ಬಾಡಿಗೆಯ ಎತ್ತು ಹೊಲದ ಒಡೆಯನ ಹದವನ್ನು ಕಾಯುವುದಿಲ್ಲ. ಇಂಗ್ಲೀಷರನ್ನು ನೆಲದ ಮೇಲೆ ಹಾಳುಮಾಡಬಲ್ಲೆನು, ಆದರೆ ಕಡಲನ್ನು ಬತ್ತಿಸಲಾರೆನು ಎಂಬರ್ಥದ ಮಾತನ್ನು ಹೈದರನು ತನ್ನ ಕೊನೆಗಾಲದಲ್ಲಿ ಪೂರ್ಣಯ್ಯನೊಡನೆ ಆಡಿದನೆಂದು ವಿಲ್ಕ್ಸನು ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. 1782ರ ಡಿಸೆಂಬರ್ 7ರಂದು ಹೈದರನು ತೀರಿಕೊಂಡನು. ಮಂಗಳೂರಿನಲ್ಲಿ ಅವನ ಹಡಗುಗಳು ಸುಟ್ಟು ಆಗ ಎರಡು ವರ್ಷಗಳಾಗಿದ್ದವು.

ಅವನು ಕಣ್ಣು ಮುಚ್ಚಿದ ತಿಂಗಳೊಳಗಾಗಿ ಪಡುವಣ ಅಗಸೆಯನ್ನು ಶತ್ರುವು ಒದ್ದು ತೆರೆದನು. ಮುಂಬಯಿಯ ಜನರಲ್ ಮ್ಯಾಥ್ಯೂಸನು ಅಘನಾಶಿನಿಯ ಅಳಿವೆಯಲ್ಲಿ ದಂಡಿಳಿಸಿ, 1783ರ ಜನವರಿಯ ಮೊದಲಿಗೆ ಹೊನ್ನಾವರದ ಕೋಟೆಯನ್ನು ತೋಫಿನಿಂದ ಒಡೆದು ನುಗ್ಗಿದನು. ಒಳಗಿದ್ದವರಲ್ಲಿ ಬಹು ಜನರು ಕತ್ತಿಗೆ ತುತ್ತಾದರು, ಊರು ಸುಲಿಗೆಯಾಯಿತು. ಅಲ್ಲಿಂದ ಕುಂದಾಪುರ; ಅಲ್ಲಿಂದ ಹೊಸಂಗಡಿಯ ಘಟ್ಟ; ಘಟ್ಟದ ಮೇಲೆ ಬಿದನೂರು. ಹತ್ತು ಸಾವಿರ ಜನರನ್ನು ಹತ್ತು ಜನರು ತಡೆಯಬಹುದಾದ ಘಟ್ಟವದು. ಆದರೆ ಬಿದನೂರಿನ ಅಧಿಕಾರಿಯಾದ ಅಯಾಜಖಾನನು ಹೊಸ ದೊರೆಯಾದ ಟೀಪುವಿಗೆ ಹೆದರಿ, ತನ್ನ ತಲೆಯನ್ನು ಉಳಿಸಿಕೊಳ್ಳಲು ರಾಜ್ಯದ ಬೀಗದ ಕೈಯನ್ನೇ ಶತ್ರುವಿನ ಕೈಗಿಟ್ಟನು. ಹಡಗು ಬಂದುದು ಹೊನ್ನಾವರಕ್ಕೆ. ಬಿದ್ದುದು ಘಟ್ಟದ ಮೇಲಿನ ರಾಜಧಾನಿ! ಬಿದನೂರಿಗೂ ನಮ್ಮ ಹಿರೇಕೆರೂರು, ರಾಣೇಬೆನ್ನೂರುಗಳಿಗೂ ನಡುವೆ ಮಲೆನಾಡಿನ ಅಂಚು ಮಾತ್ರವುಂಟು. ಕಡಲಿಗೂ ನಮಗೂ ಏನು ಸಂಬಂಧವೆಂದು ಕೇಳುವವರು ಈ ದಾರಿಯನ್ನು ನಕಾಶೆಯ ಮೇಲೆ ಬೆರಳಿಟ್ಟು ನೋಡಬೇಕು.

ಮುಂದಿನ ಕಥೆಯು ಟೀಪುವಿನ ಶೌರ್ಯದ್ದು. ಅವನು ಪೂರ್ವದಿಂದ ಹಿಂದಿರುಗಿ ಏಪ್ರಿಲಿನಲ್ಲಿ ಬಿದನೂರನ್ನು ಮುತ್ತಿದನು. ಲೂಟಿಯ ಹಣದ ಹಂಚಿಕೆಗಾಗಿ ತಮ್ಮತಮ್ಮಲ್ಲಿಯೇ ಕಚ್ಚಾಡುತ್ತಿದ್ದ ಮ್ಯಾಥ್ಯೂಸನ ಸೈನ್ಯವು ಶರಣಾಗತವಾಯಿತು. ಮ್ಯಾಥ್ಯೂಸನು ಸೆರೆಯಲ್ಲಿಯೇ ಸತ್ತನು. ಮೇ ತಿಂಗಳಲ್ಲಿ ಟೀಪುವು ಮಂಗಳೂರಿಗೆ ಮುತ್ತಿಗೆ ಹಾಕಿದನು. ಕರ್ನಲ್ ಕ್ಯಾಂಪಬೆಲ್ಲನು ಒಳಗಿದ್ದನು. ಯುರೋಪಿನಲ್ಲಿ ಸಂಧಿಯಾಯಿತೆಂಬ ಸುದ್ದಿ ಬಂದೊಡನೆಯೇ ಟೀಪುವಿನ ಪಾಳೆಯದಲ್ಲಿದ್ದ ಫ್ರೆಂಚರು ಯುದ್ಧದಿಂದ ಕೈತೆಗೆದರು. ಪರರ ನೆರವಿನ ಬೆಲೆ ಮತ್ತೊಮ್ಮೆ ಗೊತ್ತಾಯಿತು. ಮಳೆಗಾಲ ಕಳೆಯಿತು, ಚಳಿಗಾಲ ಬಂದಿತು; ಕೋಟೆಯೊಳಗಿನವರು ಹಸಿವಿನಿಂದಲೂ ರೋಗದಿಂದಲೂ ಸತ್ತರು. 1784ರ ಜನವರಿ 30ರಂದು ಕ್ಯಾಂಪಬೆಲ್ಲನು ಕೋಟೆಯನ್ನು ಒಪ್ಪಿಸಿದನು. ಮಾರ್ಚ್ 11ರಂದು ಇಂಗ್ಲೀಷರ ವಕೀಲರು ಟೀಪುವಿನ ಪಾಳೆಯಕ್ಕೇ ಬಂದು ಮಂಗಳೂರಿನ ಒಪ್ಪಂದಕ್ಕೆ ಸಹಿ ಹಾಕಿದರು. ಗೆದ್ದ ಸೀಮೆಯನ್ನು ಉಭಯರೂ ತಿರುಗಿ ಕೊಟ್ಟರು. ಹಿಂದೀ ಅರಸನೊಬ್ಬನ ಎದುರಿಗೆ ಕಂಪನಿಯವರು ಅಷ್ಟು ತಗ್ಗಿ ನಿಂತ ಸಂದರ್ಭಗಳು ಬಹಳವಿಲ್ಲ.

ಆದರೆ ಸತ್ಯವನ್ನು ಅರ್ಧ ಹೇಳುವುದು ನಮ್ಮ ರೂಢಿಯಲ್ಲ. ಈ ವಿಜಯದ ಬೆನ್ನಿಗೇ ಒಂದು ದೊಡ್ಡ ಅನ್ಯಾಯವೂ ನಡೆಯಿತು. ಕರಾವಳಿಯ ಕ್ರೈಸ್ತರು ಇಂಗ್ಲೀಷರಿಗೆ ಸಹಾಯ ಮಾಡಿದರೆಂಬ ಶಂಕೆಯಿಂದ ಟೀಪುವು 1784ರಲ್ಲಿ ಅವರನ್ನು ಸಾವಿರಗಟ್ಟಲೆಯಾಗಿ ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹೆಂಗಸರು, ಮಕ್ಕಳು, ಮುದುಕರೆಂಬ ಭೇದವಿರಲಿಲ್ಲ. ಎಷ್ಟೋ ಜನರು ದಾರಿಯಲ್ಲಿ ಬಿದ್ದರು, ಎಷ್ಟೋ ಜನರು ಸೆರೆಯಲ್ಲಿ ಸತ್ತರು. ಉಳಿದವರು ತಮ್ಮ ಹೊಲಮನೆಗಳನ್ನು ಮತ್ತೆ ಕಂಡುದು 1799ರ ತರುವಾಯ. ಕೆಲವರು ತಪ್ಪು ಮಾಡಿದ್ದರೆಂದೇ ಇಟ್ಟುಕೊಂಡರೂ, ವಿಚಾರಣೆಯಿಲ್ಲದೆ ಒಂದು ಸಮಾಜಕ್ಕೆ ಸಮಾಜವನ್ನೇ ದಂಡಿಸುವುದನ್ನು ಯಾವ ಧರ್ಮಶಾಸ್ತ್ರವೂ ಯಾವ ಕಾಯದೆಯೂ ಒಪ್ಪುವುದಿಲ್ಲ. ಕಡಲ ದಂಡೆಯ ಜನರ ಮನಸ್ಸನ್ನು ಕಳೆದುಕೊಂಡವನು ಕಡಲ ದಂಡೆಯನ್ನು ಎಷ್ಟು ದಿನ ಕಾಯಬಲ್ಲನು?

ಮಂಗಳೂರಿನ ಪಾಠವನ್ನು ಟೀಪುವು ಕೊನೆಗೆ ಕಲಿತನು. 1790ರ ದಶಕದಲ್ಲಿ ಅವನು ನೌಕಾಬಲಕ್ಕಾಗಿಯೇ ಒಂದು ಪ್ರತ್ಯೇಕ ಖಾತೆಯನ್ನು ತೆರೆದು, ಮಂಗಳೂರು, ಮಿರ್ಜಾನುಗಳಲ್ಲಿ ದೊಡ್ಡ ಹಡಗುಗಳನ್ನು ಕಟ್ಟಿಸುವ ಹಂಚಿಕೆ ಹಾಕಿದನು. ಆದರೆ ಹಡಗು ಒಂದು ಮಳೆಗಾಲದ ಬೆಳೆಯಲ್ಲ. ಹಂಚಿಕೆಯು ಫಲಿಸುವ ಮೊದಲೇ, 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಕರಾವಳಿಯು ಕಂಪನಿಯ ಪಾಲಾಯಿತು. ಮರುವರ್ಷವೇ, 1800ರ ಜೂನ್ 27ರಂದು, ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಕರ್ನಲ್ ವೆಲ್ಲೆಸ್ಲಿಯ ದಂಡು ರಾಣೇಬೆನ್ನೂರಿನ ಕೋಟೆಯನ್ನು ನುಗ್ಗಿ ಹಿಡಿಯಿತು. ಹೊನ್ನಾವರದ ಅಳಿವೆಗೂ ರಾಣೇಬೆನ್ನೂರಿನ ಕೋಟೆಗೂ ನಡುವೆ ಕಂಪನಿಗೆ ಹಿಡಿದುದು ಹದಿನೇಳೇ ವರ್ಷ.

ಈ ಸೋಲಿಗೆ ಕಾರಣಗಳೇನು? ನಮ್ಮ ಯೋಧರಲ್ಲಿ ಧೈರ್ಯವಿರಲಿಲ್ಲವೆಂದು ಶತ್ರುವೂ ಹೇಳಲಾರನು. ನಮ್ಮ ಅಭಿಪ್ರಾಯದಲ್ಲಿ ಕಾರಣಗಳು ಮೂರು. ಒಂದನೆಯದು, ಕಡಲನ್ನು ನೆಲದ ಒಂದು ಮೂಲೆಯೆಂದು ಬಗೆದು, ಅದರ ಕಾವಲನ್ನು ಕಡಲನ್ನರಿಯದವರ ಕೈಗೆ ಕೊಟ್ಟುದು. ಎರಡನೆಯದು, ಸ್ವಂತ ಹಡಗು ಸುಟ್ಟುಹೋದ ಮೇಲೆ ಪರರ ಹಡಗನ್ನು ನಂಬಿ ಕುಳಿತುದು. ಮೂರನೆಯದು, ಮತ್ತು ಎಲ್ಲಕ್ಕೂ ದೊಡ್ಡದು, ದಂಡೆಯ ಜನರನ್ನು ರಾಜ್ಯದ ಪಾಲುದಾರರೆಂದು ತಿಳಿಯದೆ, ಒಮ್ಮೆ ಸಂಬಳದ ಆಳುಗಳಂತೆಯೂ ಇನ್ನೊಮ್ಮೆ ಸಂಶಯದ ಕೈದಿಗಳಂತೆಯೂ ಕಂಡುದು. ಮೊದಲನೆಯ ತಪ್ಪು 1768ರಲ್ಲಿ ಹಡಗುಗಳನ್ನು ಕಳೆಯಿತು. ಎರಡನೆಯದು 1783ರಲ್ಲಿ ಘಟ್ಟವನ್ನು ತೆರೆಯಿತು. ಮೂರನೆಯದು ಗೆದ್ದ ಮೇಲೆಯೂ ನಾಡನ್ನು ಸೋಲಿಸಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೇ ತೀರದಲ್ಲಿಯೇ ಉಂಟು. ಉಳ್ಳಾಲದ ಅಬ್ಬಕ್ಕ ರಾಣಿಯು ಸಣ್ಣ ಸೀಮೆಯ ಒಡತಿ. ಎದುರಿಗೆ ಹಿಂದೂ ಮಹಾಸಾಗರವನ್ನೇ ತಮ್ಮ ಸ್ವತ್ತೆಂದು ತಿಳಿದಿದ್ದ ಪೋರ್ತುಗೀಜರು. ಮಗ್ಗುಲಲ್ಲಿ ಅವರ ಸ್ನೇಹವನ್ನು ಬಯಸಿದ ಮಂಗಳೂರಿನ ಬಂಗರಾಜನು. ಆದರೂ ಘಟ್ಟದ ಮೇಲಿನ ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ದೊರೆತಾಗ ಅವಳು ಬಗ್ಗಲಿಲ್ಲ. 1623ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯು ಅಬ್ಬಕ್ಕನನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಮುಂದೆ ಅದೇ ಮನೆತನದ ಶಿವಪ್ಪ ನಾಯಕನು 1652ರಿಂದ 1654ರೊಳಗಾಗಿ ಹೊನ್ನಾವರ, ಗಂಗೊಳ್ಳಿ, ಮಂಗಳೂರುಗಳ ಕೋಟೆಗಳಿಂದ ಪೋರ್ತುಗೀಜರನ್ನು ಹೊರದೂಡಿದನು. ಮಲೆಯೂ ಕಡಲೂ ಒಂದಾದಾಗ ಅಗಸೆಯು ಭದ್ರವಾಯಿತು, ಬೇರಾದಾಗ ಒಡೆಯಿತು.

ಕಡಲನ್ನು ನಮ್ಮಿಂದ ಬೇರ್ಪಡಿಸುವ ಕೆಲಸವನ್ನು ತೋಫಿಗಿಂತ ಚೆನ್ನಾಗಿ ಕಾಗದವು ಮಾಡಿತು. ಕಂಪನಿಯು ಕರಾವಳಿಯನ್ನು ಕೆನರಾ ಎಂಬ ಒಂದು ಜಿಲ್ಲೆಯಾಗಿ ಮದರಾಸಿಗೆ ಸೇರಿಸಿತು. 1862ರಲ್ಲಿ ಅದರ ಉತ್ತರದ ಅರ್ಧವನ್ನು ಕತ್ತರಿಸಿ ಮುಂಬಯಿಗೆ ಕೊಡಲಾಯಿತು. ಇದು ಕನ್ನಡಿಗರ ಮೇಲಿನ ಪ್ರೀತಿಯಿಂದಲ್ಲ, ಹತ್ತಿಯ ಮೇಲಿನ ಪ್ರೀತಿಯಿಂದ! ಅಮೇರಿಕದ ಅಂತರ್ಯುದ್ಧದಿಂದಾಗಿ ವಿಲಾಯತಿಯ ಗಿರಣಿಗಳಿಗೆ ಹತ್ತಿಯ ಬರಗಾಲ ಬಂದಿದ್ದ ಕಾಲವದು. ನಮ್ಮ ಧಾರವಾಡ ಸೀಮೆಯ ಎರೆಹೊಲದ ಹತ್ತಿಯು ಬಂಡಿಗಳಲ್ಲಿ ಶಿರಸಿಯ ಮೇಲೆ ಹಾಯ್ದು, ದೇವಿಮನೆಯ ಘಟ್ಟವಿಳಿದು, ಕುಮಟೆಯಲ್ಲಿ ಹಡಗನ್ನೇರುತ್ತಿದ್ದಿತು. ಆದುದರಿಂದಲೇ ನಮ್ಮ ಹೊಲದಲ್ಲಿ ಬೆಳೆದ ಹತ್ತಿಗೆ ಮುಂಬಯಿಯ ಪೇಟೆಯಲ್ಲಿ ಕುಮಟಾ ಎಂದು ಹೆಸರಾಯಿತು. ಬೆಳೆಯ ಹೆಸರಿನಲ್ಲಿಯೇ ಬಂದರದ ಹೆಸರು ಕೂಡಿಕೊಂಡಿದ್ದುದನ್ನು ನಾವು ಮರೆತುಬಿಟ್ಟೆವು. 1880ರ ದಶಕದಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳಿಗೆ ರೈಲು ಬಂದಿತು. ಆ ರೈಲು ನಮ್ಮ ಮಾಲನ್ನು ಕುಮಟೆಗೆ ಒಯ್ಯಲಿಲ್ಲ, ಪೋರ್ತುಗೀಜರ ಮರ್ಮಗೋವೆಗೆ ಒಯ್ದಿತು. ಕುಮಟೆಯ ಬಂದರವು ಬಡವಾಯಿತು; ಬಂಡಿಯ ದಾರಿಯೊಡನೆ ಬಳಕೆಯೂ ತಪ್ಪಿತು. ವಹಿವಾಟು ನಿಂತ ದಾರಿಯ 'ಹಕ್ಕು' ಏನಾಗುತ್ತದೆಂಬುದನ್ನು ಹೊಲದ ವ್ಯಾಜ್ಯಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ನಮ್ಮ ರೈತರು ಬಲ್ಲರು.

ಇದೆಲ್ಲವೂ ರಾಜರ ಕಾಲದ ಕಥೆ, ಹೈದರನೂ ಟೀಪುವೂ ಕನ್ನಡಕ್ಕಾಗಿ ಕಾದಿದವರಲ್ಲ ಎಂದು ಒಂದು ಆಕ್ಷೇಪವುಂಟು. ಅವರು ತಮ್ಮ ರಾಜ್ಯಕ್ಕಾಗಿ ಕಾದಿದರೆಂಬುದನ್ನು ನಾವೂ ಒಪ್ಪುತ್ತೇವೆ. ಅವರನ್ನು ದೇವರ ಪೀಠದ ಮೇಲೆ ಕೂಡಿಸುವುದೂ ಬೇಡ, ಕಸದ ತಿಪ್ಪೆಗೆ ಎಸೆಯುವುದೂ ಬೇಡ. ಆದರೆ ಸುಟ್ಟ ಹಡಗಿನ ಹಲಗೆಯು ಕನ್ನಡನಾಡಿನ ಕಾಡಿನದು; ಸುಲಿಗೆಯಾದ ಊರು ನಮ್ಮ ಹೊನ್ನಾವರ. ಯುದ್ಧವನ್ನು ಯಾವ ಅರಸನೇ ಹೂಡಲಿ, ಅದರ ಕಂದಾಯವನ್ನು ತೆತ್ತವರು ನಮ್ಮ ಜನರೇ.

ಈಗ 1956ರ ನವೆಂಬರ್ 1ರಿಂದ ಬಯಲು, ಮಲೆ, ಕಡಲು ಮೂರೂ ಒಂದೇ ರಾಜ್ಯದಲ್ಲಿ ಕೂಡಿವೆ. ಶಿವಪ್ಪ ನಾಯಕನ ಬೇಕಲ ಕೋಟೆಯಿರುವ ಕಾಸರಗೋಡು ಮಾತ್ರ ಹೊರಗುಳಿಯಿತೆಂಬ ನೋವು ಇದ್ದೇ ಇದೆ. ಮರ್ಮಗೋವೆಯಿಂದಲೂ 1961ರಲ್ಲಿ ಪೋರ್ತುಗೀಜರು ಹೋದರು. ಕುಮಟೆಯಿಂದ ಶಿರಸಿಯ ಮೇಲೆ ಹಾವೇರಿಗೆ ಬರುವ ಹಳೆಯ ಹತ್ತಿಯ ದಾರಿಯು ಇಂದು ರಾಷ್ಟ್ರೀಯ ಹೆದ್ದಾರಿಯೆನಿಸಿದೆ. ಕಾರವಾರದಲ್ಲಿ ಭಾರತದ ನೌಕಾಪಡೆಯ ಕದಂಬ ನೆಲೆಯು 2005ರಲ್ಲಿ ನೆಲೆಗೊಂಡಿತು. ಬನವಾಸಿಯ ಅರಸುಮನೆತನದ ಹೆಸರನ್ನು ಅದಕ್ಕಿಟ್ಟಿರುವುದು ನಮಗೆ ಅಭಿಮಾನದ ವಿಷಯ. ತೀರರಕ್ಷಕ ದಳದ ಒಂದು ಹಡಗಿಗೆ 2012ರಲ್ಲಿ ರಾಣಿ ಅಬ್ಬಕ್ಕನ ಹೆಸರಿಟ್ಟರು. ಹೈದರನು ಬತ್ತಿಸಲಾರದ ಕಡಲಿನ ಮೇಲೆ ಇಂದು ನಮ್ಮದೇ ನಿಶಾನೆ ಹಾರುತ್ತಿದೆ.

ಆದರೆ ಆ ಮೂರನೆಯ ಕಾರಣವನ್ನು ವಾಚಕರು ಮರೆಯಬಾರದು. ಆ ನೌಕಾನೆಲೆಗಾಗಿ ಕಾರವಾರ, ಅಂಕೋಲೆಗಳ ಸೀಮೆಯ ಎಷ್ಟೋ ಹಳ್ಳಿಗಳ ರೈತರೂ ಮೀನುಗಾರರೂ ತಮ್ಮ ಹೊಲ, ಮನೆ, ದೋಣಿಯ ದಂಡೆಗಳನ್ನು ಬಿಟ್ಟುಕೊಟ್ಟರು. ನಾಡಿನ ರಕ್ಷಣೆಗೆ ಅವರು ಕೊಟ್ಟಷ್ಟು ಕಾಣಿಕೆಯನ್ನು ಬಯಲಿನ ನಾವು ಯಾರೂ ಕೊಟ್ಟಿಲ್ಲ. ತಕ್ಕ ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ನ್ಯಾಯಾಲಯಗಳಿಗೆ ಅಲೆಯಬೇಕಾದುದು ನಮ್ಮೆಲ್ಲರ ಮಾನಕ್ಕೆ ಸೇರಿದ ಮಾತು. ಇತ್ತೀಚಿನ ವರ್ಷಗಳಲ್ಲಿ ಹೊನ್ನಾವರದ ಕಾಸರಕೋಡಿನಲ್ಲಿ ಬಂದರದ ಕಾಮಗಾರಿಯನ್ನು ಮೀನುಗಾರರು ವಿರೋಧಿಸಿದಾಗ, ಘಟ್ಟದ ಮೇಲಿನ ನಾವು ಅದನ್ನು ಯಾವುದೋ ಪರದೇಶದ ಸುದ್ದಿಯಂತೆ ಓದಿ ಪುಟ ತಿರುವಿದೆವು. ಬಂದರವು ಬೇಡವೆಂಬುದು ನಮ್ಮ ವಾದವಲ್ಲ. ಬಂದರವು ಆಗಲಿ, ನೆಲೆಯೂ ಬೆಳೆಯಲಿ. ಆದರೆ ದಂಡೆಯ ಜನರ ಮಾತನ್ನು ಮೊದಲು ಕೇಳಿ, ಅವರ ಪಾಲನ್ನು ಮೊದಲು ಅಳೆದುಕೊಟ್ಟು, ಅನಂತರ ಕೆಲಸಕ್ಕೆ ಕೈಹಚ್ಚಬೇಕು. ಲುತ್ಫ್ ಅಲಿ ಬೇಗನನ್ನು ಹಡಗಿನ ಮೇಲೆ ಕೂಡಿಸಿದ ತಪ್ಪನ್ನು ಕಚೇರಿಯ ಮೇಜಿನ ಮುಂದೆ ಕುಳಿತು ಮತ್ತೆ ಮಾಡಬಾರದು.

ಹಾಗಾದರೆ ನಾವು ಮಾಡಬೇಕಾದುದೇನು? ಮಾಸ್ತರರಲ್ಲಿ ನಮ್ಮ ವಿನಂತಿಯೇನೆಂದರೆ, ಬರುವ ಡಿಸೆಂಬರ್ 8ರಂದು ತಮ್ಮ ತರಗತಿಯ ಹಲಗೆಯ ಮೇಲೆ ಒಂದು ನಕಾಶೆಯನ್ನು ಬರೆಯಿರಿ. ಮಂಗಳೂರು, ಕುಂದಾಪುರ, ಹೊನ್ನಾವರ, ಕುಮಟೆಗಳನ್ನು ಗುರುತಿಸಿ, ಅಲ್ಲಿಂದ ಹೊಸಂಗಡಿ, ದೇವಿಮನೆಗಳ ಘಟ್ಟದ ದಾರಿಗಳನ್ನು ಎಳೆದು, ಅವು ನಮ್ಮ ಊರನ್ನು ಹೇಗೆ ಮುಟ್ಟುತ್ತವೆಂಬುದನ್ನು ಮಕ್ಕಳಿಗೆ ತೋರಿಸಿರಿ. ಸಾಧ್ಯವಿದ್ದವರು ವರ್ಷಕ್ಕೊಮ್ಮೆ ಮಕ್ಕಳನ್ನು ಮಿರ್ಜಾನದ ಕೋಟೆಗೂ ಹೊನ್ನಾವರದ ಅಳಿವೆಗೂ ಕರೆದೊಯ್ಯಿರಿ. ಬ್ಯಾಡಗಿಯ ಮೆಣಸಿನಕಾಯಿಯ ವರ್ತಕರು ತಮ್ಮ ಮಾಲು ಯಾವ ಬಂದರದಿಂದ ಹೊರದೇಶಕ್ಕೆ ಹೋಗುತ್ತದೆ, ಕನ್ನಡನಾಡಿನ ಬಂದರದಿಂದ ಹೋಗದಿದ್ದರೆ ಏಕೆ ಹೋಗುವುದಿಲ್ಲ ಎಂಬುದನ್ನು ವಿಚಾರಿಸಿ ತಮ್ಮ ಸಂಘದ ಸಭೆಗಳಲ್ಲಿ ಚರ್ಚಿಸಲಿ. ನಮ್ಮ ಊರುಗಳ ಸಾಹಿತ್ಯ ಸಂಘಗಳು ರಾಜ್ಯೋತ್ಸವದ ವೇದಿಕೆಗೆ ಒಬ್ಬ ಮೊಗವೀರನನ್ನೋ ಒಬ್ಬ ಖಾರ್ವಿಯನ್ನೋ ಕರೆದು, ಅವನ ಕಷ್ಟಸುಖವನ್ನು ಅವನ ಬಾಯಿಂದಲೇ ಕೇಳಲಿ. ಇವೆಲ್ಲ ಸಣ್ಣ ಕೆಲಸಗಳೇ ಸರಿ. ಆದರೆ ನಾಡು ಒಂದಾಗುವುದು ಸರಕಾರದ ಒಂದು ಹುಕುಮಿನಿಂದ ಮುಗಿದುಹೋಗುವ ಕಾರ್ಯವಲ್ಲ. ಹುಕುಮು ಗಡಿಗಳನ್ನು ಕೂಡಿಸಬಹುದು. ಮನಸ್ಸುಗಳನ್ನು ಕೂಡಿಸುವುದು ನಮ್ಮ ಕೆಲಸ.

1780ರಲ್ಲಿ ಮಂಗಳೂರಿನ ಹಡಗುಗಳು ಉರಿದಾಗ ಆ ಬೆಳಕು ಘಟ್ಟದ ಮೇಲಿನವರಿಗೆ ಕಾಣಲಿಲ್ಲ. ಎರಡು ವರ್ಷಗಳ ಮೇಲೆ ಬಿದನೂರಿಗೂ, ಇಪ್ಪತ್ತು ವರ್ಷಗಳ ಮೇಲೆ ರಾಣೇಬೆನ್ನೂರಿಗೂ ಅದರ ಬಿಸಿ ತಟ್ಟಿತು. ಪಡುವಣ ಅಗಸೆಯಲ್ಲಿ ನಡೆಯುವುದೆಲ್ಲವೂ ನಮ್ಮ ಮನೆಯ ಸುದ್ದಿಯೆಂದು ತಿಳಿದು, ಅದನ್ನು ಕಾಯುವವರನ್ನು ಒಡಹುಟ್ಟಿದವರೆಂದು ಕಾಣುವುದನ್ನು ಕನ್ನಡಿಗರು ಇನ್ನಾದರೂ ಕಲಿಯಬೇಕು.